ಅಜ್ಜಿಯ ಮಡಿಲೂ ಲೆಕ್ಕಕ್ಕೆ ಬರಲಿ

2012ರಲ್ಲಿ ದುಬೈಯಲ್ಲಿ ಎಂಟು ವರ್ಷದ ವದೀಮಾ ಹೆತ್ತ ತಂದೆಯ ಚಿತ್ರಹಿಂಸೆಗೆ ಬಲಿಯಾದಳು. ಮಕ್ಕಳ ಹಕ್ಕುಗಳ ಬಗ್ಗೆ 2016ರಲ್ಲಿ ಜಾರಿಗೆ ಬಂದ ಅರಬ್ ಎಮಿರೇಟ್ಸ್‌ನ ಫೆಡರಲ್ ಕಾನೂನನ್ನು ಜನ ಇಂದಿಗೂ ಕರೆಯುವುದು ‘ವದೀಮಾ ಕಾನೂನು’ ಎಂದೇ. ದೌರ್ಜನ್ಯದ ಸುಳಿವು ಸಿಕ್ಕರೆ ಶಿಕ್ಷಕರು, ವೈದ್ಯರು ದೂರು ಕೊಡಲೇಬೇಕು. ಎಮಿರಾಟಿ ಮಕ್ಕಳಿಗಿರುವ ಈ ರಕ್ಷಣೆ ಅಲ್ಲಿ ಬೆಳೆಯುವ ಮಂಗಳೂರು, ಭಟ್ಕಳದ ಮಕ್ಕಳಿಗೂ ಇದೆ.

ಹೆತ್ತವರಿಲ್ಲದ ಮಗುವಿಗೆ ಆ ನಾಡು ಹಿಡಿದ ದಾರಿ ‘ಕಫಾಲಾ’. ಇಸ್ಲಾಮಿನಲ್ಲಿ ದತ್ತಕ ಇಲ್ಲ. ಕುಟುಂಬ ಮಗುವನ್ನು ಸಾಕಿ ಸಲಹುತ್ತದೆ, ಅದರ ವಂಶದ ಗುರುತನ್ನು ಮಾತ್ರ ಬದಲಿಸುವುದಿಲ್ಲ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 20ನೇ ವಿಧಿ ಕಫಾಲಾವನ್ನು ಹೆಸರಿಸಿಯೇ ಒಪ್ಪಿದೆ. ದುಬೈಯ ‘ಫ್ಯಾಮಿಲಿ ವಿಲೇಜ್’ನಲ್ಲಿ, ಅಬುಧಾಬಿಗೆ ಸೇರಿದ ಅಲ್ ಐನ್‌ನ ‘ದಾರ್ ಜಾಯೆದ್’ನಲ್ಲಿ ಮಕ್ಕಳು ಸಾಕುತಾಯಿಯ ಜೊತೆ ಮನೆಗಳಲ್ಲೇ ಇರುತ್ತಾರೆ. ಇದಕ್ಕೆ ಬಲವಾದ ಆಧಾರವಿದೆ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಅನಾಥಾಲಯಗಳ 136 ಮಕ್ಕಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದಾಗ, ಎರಡು ವರ್ಷ ತುಂಬುವ ಮೊದಲೇ ಸಾಕುಮನೆ ಸೇರಿದವರು ಹೆಚ್ಚು ಚೇತರಿಸಿಕೊಂಡಿದ್ದರು. ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಎಂದು ನಮ್ಮ 2015ರ ಬಾಲನ್ಯಾಯ ಕಾಯ್ದೆಯೂ ಹೇಳುತ್ತದೆ.

ಆದರೆ ನನ್ನ ಮನಸ್ಸು ನಿಲ್ಲುವುದು ಯಾವ ಸಂಸ್ಥೆಗೂ ಸೇರದ, ಯಾವ ಪಟ್ಟಿಯಲ್ಲೂ ಇಲ್ಲದ ನಮ್ಮ ಮಕ್ಕಳ ಮೇಲೆ. ಎಮಿರೇಟ್ಸ್‌ಗೆ ಸಂಸಾರ ಕರೆಸಿಕೊಳ್ಳಲು ತಿಂಗಳಿಗೆ 4,000 ದಿರ್ಹಾಂ, ವಸತಿ ಕೊಟ್ಟಿದ್ದರೆ 3,000 ದಿರ್ಹಾಂ ಸಂಬಳ ಬೇಕು. ಅಷ್ಟು ದುಡಿಯದವರ ಮಕ್ಕಳು ಊರಲ್ಲೇ ಉಳಿಯುತ್ತಾರೆ. ತಾಯಿಯೂ ಮನೆಗೆಲಸಕ್ಕೆಂದು ಗಲ್ಫಿಗೆ ಹೋಗಿದ್ದರೆ ಮಗುವಿಗೆ ಅಜ್ಜಿಯೇ ಗತಿ. ರಾತ್ರಿ ಒಂಬತ್ತೂವರೆ, ದುಬೈಯಲ್ಲಿ ಎಂಟು. ಬೋಟಿಂ ಆ್ಯಪ್‌ನಲ್ಲಿ ವಿಡಿಯೊ ಕರೆ ಬರುತ್ತದೆ. ಕಣ್ಣು ಮಂಜಾದ ಅಜ್ಜಿ ಮೊಬೈಲನ್ನು ಮೊಮ್ಮಗನ ಮುಖಕ್ಕೆ ತೀರಾ ಹತ್ತಿರ ಹಿಡಿಯುತ್ತಾಳೆ. ಅವನು ಬಾಯಿ ಅಗಲಿಸಿ, ಬಿದ್ದ ಹಲ್ಲಿನ ಜಾಗ ತೋರಿಸುತ್ತಾನೆ. ಅಮ್ಮನಿಗೆ ಕಾಣುವುದು ಬರೀ ಕತ್ತಲೆ.

ಈ ಅಜ್ಜಿಯಂದಿರು ನಡೆಸುತ್ತಿರುವುದೇ ನಿಜವಾದ ಪರ್ಯಾಯ ಪಾಲನೆ. ಅನಾಥಾಲಯಕ್ಕಿಂತ ಅದು ಎಷ್ಟೋ ಮೇಲು. ಆದರೆ ಆ ಅಜ್ಜಿಯ ಕೈಯಲ್ಲಿ ಒಂದು ಕಾಗದವೂ ಇಲ್ಲ. ಮೊಮ್ಮಗನಿಗೆ ತುರ್ತು ಶಸ್ತ್ರಚಿಕಿತ್ಸೆಯಾಗಬೇಕಾದರೆ ಒಪ್ಪಿಗೆಯ ಸಹಿ ಯಾರದ್ದು? ಅಜ್ಜಿಯೇ ಹಾಸಿಗೆ ಹಿಡಿದರೆ ಮಗು ಯಾರ ಮನೆಗೆ? ನೆಂಟರ ಮನೆಯಲ್ಲಿ ಕಿರುಕುಳವಾದರೆ ಮಗು ಹೇಳಿಕೊಳ್ಳುವುದು ಯಾರ ಹತ್ತಿರ? ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು ಎಂಬುದನ್ನು ಆ ಮಗುವಿಗೆ ಯಾರಾದರೂ ಹೇಳಿಕೊಟ್ಟಿರಬೇಕಲ್ಲ!

ಗಲ್ಫ್‌ನಿಂದ ಬರುವ ಹಣಕ್ಕೆ ಬ್ಯಾಂಕಿನಲ್ಲಿ ಪೈಸೆ ಪೈಸೆಗೂ ಲೆಕ್ಕವಿದೆ. ಅದೇ ಹಣಕ್ಕಾಗಿ ಅಪ್ಪ ಅಮ್ಮನಿಂದ ದೂರ ಉಳಿದ ಮಕ್ಕಳನ್ನೂ ಸರ್ಕಾರ ಎಣಿಸಬೇಕು. ಶಿಕ್ಷಣ ಇಲಾಖೆಗೆ ನನ್ನ ಕೋರಿಕೆ ಇಷ್ಟೇ: ಬರುವ ಶಾಲಾ ವರ್ಷದ ದಾಖಲಾತಿ ಅರ್ಜಿಯಲ್ಲಿ ‘ಮಗು ಈಗ ಯಾರ ಜೊತೆ ಇದೆ’ ಎಂಬ ಒಂದು ಸಾಲು ಸೇರಿಸಿ.