ಅದು ಸರೋವರವಲ್ಲ, ಮುಳುಗಡೆ

ಬೆಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವಾರ ದೂರವಾಣಿ ಮಾಡಿದ್ದ. "ಸಾರ್, ಶರಾವತಿ ಹಿನ್ನೀರಿನಲ್ಲಿ ಎರಡು ದಿನ ದೋಣಿಯಲ್ಲಿ ಸುತ್ತಾಡಿ ಬಂದೆವು. ಮನುಷ್ಯರ ಸುಳಿವೇ ಇಲ್ಲದ ಸರೋವರ!" ಎಂದ. ಅವನ ಸಂತೋಷ ಕೇಳಿ ನನಗೂ ಸಂತೋಷವಾಯಿತು. ಆದರೆ ಪ್ರವಾಸದ ಜಾಹೀರಾತಿನಿಂದ ಅವನು ಕಲಿತುಬಂದ ಆ ಕೊನೆಯ ಮಾತನ್ನು ತಿದ್ದದೆ ಇರಲಾರೆ. ಮೇಷ್ಟರ ಅಭ್ಯಾಸ, ನಿವೃತ್ತಿಯಾದರೂ ಹೋಗುವುದಿಲ್ಲ.

ಮಕ್ಕಳೇ, ಅದು ಸರೋವರವಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು, 1819 ಅಡಿಯ ಮಟ್ಟದವರೆಗೆ ನೀರು ನಿಲ್ಲಿಸಿದಾಗ ಸಾಗರ, ಹೊಸನಗರ ಸೀಮೆಯ ಮುನ್ನೂರು ಚದರ ಕಿಲೋಮೀಟರಿಗೂ ಮಿಕ್ಕಿದ ನೆಲ ನೀರಿನಡಿಗೆ ಹೋಯಿತು. ಗದ್ದೆ, ಅಡಿಕೆ ತೋಟ, ದೇವಸ್ಥಾನ, ಮನೆಯಂಗಳ ಎಲ್ಲವೂ ಅದರಲ್ಲಿ ಸೇರಿದವು. ನೀವು ಇಳಿದು ಬುತ್ತಿ ಬಿಚ್ಚುವ ದ್ವೀಪಗಳು ಅಂದಿನ ಗುಡ್ಡಗಳ ನೆತ್ತಿಗಳು. ಛಾಯಾಚಿತ್ರದಲ್ಲಿ ಚೆಂದ ಕಾಣುವ ಬೋಳುಮರಗಳು ನಿಂತಲ್ಲೇ ಸತ್ತ ಕಾಡು. 1948ರ ಹಿರೇಭಾಸ್ಕರ ಅಣೆಕಟ್ಟೂ ಅದರೊಳಗೇ ಮುಳುಗಿದೆ. ನೀರು ತೀರ ಇಳಿದ ಬೇಸಿಗೆಯಲ್ಲಿ ಮಡೆನೂರಿನ ಬಳಿ ತಲೆಯೆತ್ತುತ್ತದೆ.

ಆ ನೀರಿನಿಂದ ನಾಡಿಗೆ ವಿದ್ಯುತ್ತು ಬಂದಿತು, ನಿಜ. ಅದರ ಬೆಲೆ ತೆತ್ತವರು ಯಾರು? ನನ್ನ ಹಾಜರಿ ಪುಸ್ತಕದಲ್ಲಿ ಅವರ ಮಕ್ಕಳಿದ್ದರು. ಊರು ಯಾವುದೆಂದು ಕೇಳಿದರೆ ಈಗಿನ ಊರನ್ನು ಹೇಳಿ, ಸ್ವಲ್ಪ ತಡೆದು, "ಅಜ್ಜನ ಊರು ನೀರಲ್ಲಿದೆ ಸಾರ್" ಎನ್ನುತ್ತಿದ್ದರು. ಕಾಡಿನಂಚಿನಲ್ಲಿ ಸರಕಾರ ತೋರಿಸಿದ ಜಾಗದ ಹಕ್ಕುಪತ್ರಕ್ಕಾಗಿ ಮೂರನೆಯ ತಲೆಮಾರೂ ಕಚೇರಿಗಳಿಗೆ ಅಲೆಯುತ್ತಿದೆ. ಆಚೆ ದಡದಲ್ಲಿ ಉಳಿದವರ ಪಾಡು ಬೇರೆ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಅಲ್ಲಿಯವರೆಗೆ ಬಸುರಿ ಹೆಂಗಸರೂ ಪರೀಕ್ಷೆಗೆ ಹೊರಟ ಮಕ್ಕಳೂ ಲಾಂಚಿಗಾಗಿ ಕಾದರು. ಪ್ರವಾಸಿಗರಿಗೆ ಆ ಲಾಂಚು ವಿಹಾರ. ಅವರಿಗೆ ಅದೇ ದಾರಿ.

"ಹಾಗಾದರೆ ಹೋಗಲೇಬಾರದೇ ಸಾರ್?" ಎಂದು ಕೇಳುವಿರಿ. ಖಂಡಿತ ಹೋಗಿ. ಮೋಜು ತಪ್ಪಲ್ಲ, ಮರೆವು ತಪ್ಪು. ಹೊರಡುವ ಮೊದಲು ನಾ. ಡಿಸೋಜರ 'ಮುಳುಗಡೆ', 'ದ್ವೀಪ' ಕಾದಂಬರಿಗಳನ್ನು ಓದಿ. ಜೀವರಕ್ಷಕ ಅಂಗಿ ತೊಡದೆ ದೋಣಿ ಹತ್ತಬೇಡಿ; ನೀರಿನಡಿಯ ಮರದ ಕೊರಡು ಮೇಲಿನಿಂದ ಕಾಣುವುದಿಲ್ಲ. ಊರವರು ಸಿಕ್ಕರೆ "ನಾವೀಗ ಯಾವ ಊರಿನ ಮೇಲಿದ್ದೇವೆ?" ಎಂದು ಕೇಳಿ.

ದೋಣಿ ನಡೆಸಿ ಹಣ ಗಳಿಸುವವರಿಗೂ ಪ್ರವಾಸೋದ್ಯಮವೆಂದು ಭಾಷಣ ಮಾಡುವವರಿಗೂ ನನ್ನದೊಂದೇ ಒತ್ತಾಯ. ದೋಣಿ ಹತ್ತುವ ಪ್ರತಿಯೊಂದು ಕಡೆಯೂ ಒಂದು ಫಲಕ ಹಾಕಿ, ಮುಳುಗಿದ ಊರುಗಳ ಹೆಸರನ್ನು ಸ್ಪಷ್ಟವಾದ ಕನ್ನಡದಲ್ಲಿ ಬರೆಸಿ. ಅದಕ್ಕೆ ಎಷ್ಟು ಖರ್ಚಾದೀತು? ಊರನ್ನು ಕಳೆದುಕೊಂಡವರಿಗೆ ಊರಿನ ಹೆಸರನ್ನಾದರೂ ಉಳಿಸಿಕೊಡಬಾರದೇ?