ಸಿಗಾರ್ ಸಾಕೆಟ್ ಎಂಬ ಮೋಸದ ತೂತು

ಬೈಕಿನ ಹ್ಯಾಂಡಲ್ ಪಕ್ಕ ಕಾರಿನಲ್ಲಿರುವಂಥದೇ 12 ವೋಲ್ಟಿನ ಸಾಕೆಟ್ ಹಾಕಿಸಿಕೊಂಡು, "ಮೊಬೈಲಿಗೂ ಆಯ್ತು, ಗಾಳಿ ಪಂಪಿಗೂ ಆಯ್ತು" ಅಂತ ಬೀಗುತ್ತಿರುವ ಮಿತ್ರರೆಲ್ಲರ ಮೇಲೆ ನನ್ನದೊಂದು ತಕರಾರಿದೆ. ಹಾಗೆ ಬೀಗಿದವರಲ್ಲಿ ನಾನೂ ಒಬ್ಬ. ಆದ್ದರಿಂದ ಬೈಯುವ ಹಕ್ಕು ನನಗೆ ಸ್ವಲ್ಪ ಜಾಸ್ತಿಯೇ ಇದೆ :-)

ಹೋದ ವರ್ಷ ಜುಲೈನಲ್ಲಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು. ನಾನು, ನನ್ನ ಗೆಳೆಯ, ಒಂದೇ ಬೈಕು. ನಾಲ್ಕೈದು ತಿರುವು ಇಳಿಯುವಷ್ಟರಲ್ಲಿ ಹಿಂದಿನ ಚಕ್ರ ಓಲಾಡತೊಡಗಿತು. ಮೊಳೆ. ಟ್ಯೂಬ್‌ಲೆಸ್ ಟೈರು, ಜೊತೆಗೆ ಪಂಕ್ಚರ್ ಕಿಟ್ ಇತ್ತು, ಮಳೆಯಲ್ಲೇ ಮೊಳೆ ಕಿತ್ತು ತೂತು ಮುಚ್ಚಿದ್ದೂ ಆಯಿತು. ಇನ್ನು ಗಾಳಿ ತುಂಬುವುದೊಂದೇ ಬಾಕಿ. ಠೀವಿಯಿಂದ ಪಂಪ್ ತೆಗೆದು ಸಾಕೆಟ್ಟಿಗೆ ಚುಚ್ಚಿದೆ. ಎರಡು ಸಲ ಗೊರ್ರ್ ಅಂದು ಸುಮ್ಮನಾಯಿತು. ಫ್ಯೂಸ್ ಹೋಗಿತ್ತು.

ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹ ಇರುತ್ತಿರಲಿಲ್ಲ. ಗೆಳೆಯ ಜೇಬಿನಿಂದ ಚಾಕೊಲೇಟ್ ತೆಗೆದ. ಅದನ್ನು ಬಾಯಿಗೆ ಹಾಕಿಕೊಂಡು ಬೆಳ್ಳಿ ಕಾಗದವನ್ನು ಸುಟ್ಟ ಫ್ಯೂಸಿಗೆ ಸುತ್ತಿದ. "ನೋಡೋ, ನಮ್ಮೂರ ಪಂಪ್‌ಸೆಟ್ ಹೀಗೇ ಓಡೋದು" ಅಂದ. ಓಡಿತು ಕೂಡ! ಮೀಟರ್ ಮುಳ್ಳು ಹತ್ತು ಪಿಎಸ್‌ಐ ದಾಟುತ್ತಿದ್ದಾಗ ಸುಟ್ಟ ವಾಸನೆ ಬಂತು. ಟ್ಯಾಂಕಿನ ಕೆಳಗಿಂದ ಹೊಗೆ. ಪ್ಲಗ್ ಕೀಳುವಷ್ಟರಲ್ಲಿ ಬೈಕೇ ಸತ್ತಿತು. ಲೈಟಿಲ್ಲ, ಹಾರ್ನಿಲ್ಲ, ಕೀ ತಿರುಗಿಸಿದರೆ ಪಿಟ್ಟೆನ್ನಲಿಲ್ಲ.

ಆದದ್ದೇನು ಅಂತ ಮಾರನೇ ದಿನ ಮೂಡಿಗೆರೆಯ ಎಲೆಕ್ಟ್ರಿಷಿಯನ್ ಬಿಚ್ಚಿ ತೋರಿಸಿದರು. ಸಾಕೆಟ್ ಹಾಕಿಕೊಟ್ಟ ಅಂಗಡಿಯವನು ಪಾಸಿಟಿವ್ ವೈರನ್ನು ಹಾರ್ನಿನ ವೈರಿನಿಂದ ಎಳೆದಿದ್ದ. ಹಾರ್ನಿಗೆ ಬೇಕಾದದ್ದು ಎರಡು ಮೂರು ಆಂಪಿಯರ್, ಅದೂ ಪೋಂ ಅನ್ನುವಷ್ಟು ಹೊತ್ತು. ನನ್ನ ಪಂಪ್ ಎಳೆಯುವುದು 10 ಆಂಪಿಯರ್, ಅದೂ ಐದು ನಿಮಿಷ ಬಿಡದೆ. ಕೂದಲೆಳೆಯಂಥ ವೈರು ಕಾದು, ಪ್ಲಾಸ್ಟಿಕ್ ಕರಗಿ, ತಾಮ್ರ ಫ್ರೇಮಿಗೆ ತಾಗಿ ಶಾರ್ಟ್ ಆಗಿ, ಬೈಕಿನ ಮೇನ್ ಫ್ಯೂಸೇ ಹಾರಿತ್ತು. ಪಕ್ಕದ ನಾಲ್ಕು ವೈರುಗಳೂ ಅಂಟಿಕೊಂಡು ಹೋಳಿಗೆಯ ಹೂರಣದಂತಾಗಿದ್ದವು. ಬೈಕನ್ನು ಪಿಕಪ್ ಗಾಡಿಗೆ ಏರಿಸಿ ಮೂಡಿಗೆರೆ ತಲುಪಿಸಿದ ಪುಣ್ಯಾತ್ಮನಿಗೆ ಈಗಲೂ ದೊಡ್ಡ ನಮಸ್ಕಾರ.

ನನ್ನ ಸಿಟ್ಟು ಗೆಳೆಯನ ಮೇಲಲ್ಲ (ಚಾಕೊಲೇಟ್ ಒಂದನ್ನೇ ತಿಂದ ಅನ್ನೋದು ಬೇರೆ ವಿಷಯ). ಸಿಟ್ಟು ಆ ಸಾಕೆಟ್ಟಿನ ಆಕಾರದ ಮೇಲೆ, ಮತ್ತು ಅದನ್ನು "ಎಲ್ಲಾ ನಡೆಯುತ್ತೆ ಸಾರ್" ಅಂತ ಮಾರುವವರ ಮೇಲೆ.

ನಮ್ಮ ಮನೆಯ ಗೋಡೆಯನ್ನೇ ನೋಡಿ. ಗೀಸರಿನ ಪ್ಲಗ್ಗಿನ ಕಡ್ಡಿಗಳು ದಪ್ಪ. ಮೊಬೈಲ್ ಚಾರ್ಜರಿನ ಸಣ್ಣ ಪಾಯಿಂಟಿಗೆ ಅದನ್ನು ತುರುಕಲು ಆಗುವುದೇ ಇಲ್ಲ. ಓಮನ ನಿಯಮ ಗೊತ್ತಿಲ್ಲದ ನನ್ನ ಅಜ್ಜಿಯೂ ಇಲ್ಲಿ ತಪ್ಪು ಮಾಡಲಾರಳು, ಯಾಕೆಂದರೆ ತೂತೇ ಅವಳನ್ನು ತಡೆಯುತ್ತೆ. ವಾಹನಗಳಲ್ಲಿ ಈ ಮರ್ಯಾದೆ ಇಲ್ಲ. ಸಿಗರೇಟು ಹಚ್ಚಿಕೊಳ್ಳಲು ಕಾರಿಗೆ ಇಟ್ಟಿದ್ದ ತೂತು ಅದು. ಕಾರಿನಲ್ಲಿ ಅದರ ಹಿಂದೆ ದಪ್ಪ ವೈರು, ಸಾಮಾನ್ಯವಾಗಿ 10ರಿಂದ 20 ಆಂಪಿಯರ್ ಫ್ಯೂಸ್ ಇರುತ್ತೆ. ಅದೇ ಬಾಯಿಯನ್ನು ಬೈಕಿಗೆ ತಂದು ಅಂಟಿಸಿ, ಹಿಂದೆ ಹಾರ್ನಿನ ವೈರು ಕಟ್ಟುತ್ತಾರೆ. ಬಾಯಿ ಆನೆಯದು, ಗಂಟಲು ಗುಬ್ಬಚ್ಚಿಯದು. ಪ್ಲಗ್ ಮಾತ್ರ ಎರಡಕ್ಕೂ ಸಲೀಸಾಗಿ ಕೂರುತ್ತೆ!

ಇನ್ನು ವಾಟ್ಸಾಪ್ ಗುಂಪಿನ ಪಂಡಿತರು. "ಫ್ಯೂಸ್ ಹೋಗ್ತಿದ್ಯಾ? 15 ಆಂಪಿಯರ್ ಹಾಕಿ ಬ್ರೋ". ಅಣ್ಣಂದಿರಾ, ಫ್ಯೂಸ್ ಇರುವುದು ಮುಖ್ಯವಾಗಿ ವೈರನ್ನು ಕಾಯುವುದಕ್ಕೆ. ವೈರು ಬದಲಿಸದೆ ಫ್ಯೂಸ್ ಮಾತ್ರ ದೊಡ್ಡದು ಮಾಡಿದರೆ ವೈರೇ ಫ್ಯೂಸ್ ಆಗುತ್ತೆ, ಅದೂ ಪೆಟ್ರೋಲ್ ಟ್ಯಾಂಕಿನ ಕೆಳಗೆ. ಲೆಕ್ಕ ಕಷ್ಟವೇನಿಲ್ಲ. ಅರ್ಧ ಚದರ ಮಿಲಿಮೀಟರಿನ ತಾಮ್ರದ ವೈರು, ಹೋಗಿಬರುವ ದಾರಿ 3 ಮೀಟರ್ ಅಂದರೆ ಸುಮಾರು 0.1 ಓಮ್. 10 ಆಂಪಿಯರ್ ಹರಿಸಿದರೆ ದಾರಿಯಲ್ಲೇ 1 ವೋಲ್ಟ್ ಸೋರಿ 10 ವ್ಯಾಟ್ ಬಿಸಿಯಾಗುತ್ತೆ. ಕರೆಂಟು ಎರಡರಷ್ಟಾದರೆ ಬಿಸಿ ನಾಲ್ಕರಷ್ಟು. ಅದರ ಮೇಲೆ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಇದ್ದರಂತೂ ಅಲ್ಲೇ ಒಲೆ.

ಕಂಪನಿಯವರೂ ಸಾಚಾ ಅಲ್ಲ. ಕೆಲವು ಬೈಕುಗಳಲ್ಲಿ ಕಾರ್ಖಾನೆಯಿಂದಲೇ ಸಾಕೆಟ್ ಬರುತ್ತೆ. ಎಷ್ಟು ಆಂಪಿಯರ್ ಎಳೆಯಬಹುದು ಅನ್ನೋದನ್ನು ಕೈಪಿಡಿಯ ಯಾವುದೋ ಮೂಲೆಯಲ್ಲಿ ಹುಡುಕಬೇಕು. ಮುಚ್ಚಳದ ಮೇಲೇ ದಪ್ಪಕ್ಷರದಲ್ಲಿ ಬರೆದರೆ ಏನು ಗಂಟು ಹೋಗುತ್ತೆ?

ಮೊದಲು ಇಷ್ಟು ಹೆದರಬೇಕಿರಲಿಲ್ಲ. ಬ್ಯಾಟರಿ ಸತ್ತರೆ ಕಿಕ್ ಹೊಡೆದು ಮನೆ ಸೇರುತ್ತಿದ್ದೆವು. ಈಗ ಎಷ್ಟೋ ಬೈಕುಗಳಿಗೆ ಕಿಕ್ಕರ್ ಇಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದ ಮೇಲೆ ಬಹುತೇಕ ಎಲ್ಲವೂ ಇಂಜೆಕ್ಷನ್. ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪೂ ಕರೆಂಟಿನಲ್ಲೇ ಓಡಬೇಕು, ತಳ್ಳಿ ಸ್ಟಾರ್ಟ್ ಮಾಡುವುದೂ ಕಷ್ಟ. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳಲ್ಲಿ ಹೆಡ್‌ಲೈಟ್ ಆರಿಸುವ ಸ್ವಿಚ್ಚೂ ಇಲ್ಲ. ಎಂಜಿನ್ ಓಡುವಾಗ 35 ವ್ಯಾಟಿನ ಬಲ್ಬು ತನ್ನ ಸುಮಾರು 3 ಆಂಪಿಯರ್ ತಿನ್ನುತ್ತಲೇ ಇರುತ್ತೆ.

ಹಾಗಾದರೆ ಬೈಕಿನಿಂದ ಪಂಪ್ ಓಡಿಸಲೇಬಾರದಾ? ಧಾರಾಳವಾಗಿ ಓಡಿಸಿ. ಆದರೆ ಬ್ಯಾಟರಿಯಿಂದ ನೇರವಾಗಿ. ನಾನೀಗ 2.5 ಚದರ ಮಿಲಿಮೀಟರಿನ ಎರಡು ವೈರು ಬ್ಯಾಟರಿಯ ಎರಡೂ ಟರ್ಮಿನಲ್ಲಿಗೆ ಬಿಗಿದು, ಮುಚ್ಚಳವಿರುವ ಎರಡು ಪಿನ್ನಿನ ಕನೆಕ್ಟರನ್ನು ಸೀಟಿನ ಪಕ್ಕ ಹೊರಗೆ ತಂದಿದ್ದೇನೆ. ಪಾಸಿಟಿವ್ ವೈರಿನಲ್ಲಿ, ಬ್ಯಾಟರಿಯಿಂದ ಗೇಣು ದೂರದೊಳಗೆ, 15 ಆಂಪಿಯರ್ ಫ್ಯೂಸ್. ಆ ಗೇಣು ಮುಖ್ಯ. ಫ್ಯೂಸ್ ಆ ತುದಿಯಲ್ಲಿದ್ದರೆ ನಡುವಿನ ವೈರಿಗೆ ದಿಕ್ಕಿಲ್ಲ. ಪಂಪಿನ ಸಿಗಾರ್ ಪ್ಲಗ್ ಕತ್ತರಿಸಿ ಅದೇ ಕನೆಕ್ಟರಿನ ಜೋಡಿ ಹಾಕಿದೆ. ಎಂಜಿನ್ ಓಡುತ್ತಿರುವಾಗಲೇ ಪಂಪ್ ಹಾಕುತ್ತೇನೆ, ಬಯಲಿನಲ್ಲಿ ಮಾತ್ರ. ನನ್ನದು 8 ಆಂಪಿಯರ್-ಅವರ್ ಬ್ಯಾಟರಿ. 10 ಆಂಪಿಯರ್‌ನಂತೆ ಐದು ನಿಮಿಷಕ್ಕೆ ಅದರ ಹತ್ತನೇ ಒಂದು ಭಾಗ ಖರ್ಚು, ಅಷ್ಟೇ. ಆದರೆ 4 ಆಂಪಿಯರ್-ಅವರ್‌ನ ಮುದಿ ಬ್ಯಾಟರಿ ಇರುವವರು ಈ ಸಾಹಸ ಬಿಟ್ಟು ಕಾಲಲ್ಲಿ ತುಳಿಯುವ ಪಂಪ್ ಇಟ್ಟುಕೊಳ್ಳಿ. ಅದಕ್ಕೆ ಫ್ಯೂಸಿನ ತಲೆನೋವಿಲ್ಲ. ರೀಚಾರ್ಜ್ ಪಂಪ್ ಇದೆಯಲ್ಲ ಅನ್ನುತ್ತೀರಿ. ಇದೆ, ನನ್ನ ಬಳಿಯೂ ಒಂದಿದೆ. ಮೂರು ತಿಂಗಳಿಂದ ಚಾರ್ಜ್ ಮಾಡಿಲ್ಲ.

ಹ್ಯಾಂಡಲ್ಲಿನ ಸಾಕೆಟ್ ಕಿತ್ತು ಬಿಸಾಡಿಲ್ಲ. ಅದಕ್ಕೆ ಸಣ್ಣ ಫ್ಯೂಸ್ ಹಾಕಿ, ಮುಚ್ಚಳದ ಮೇಲೆ "ಮೊಬೈಲ್ ಮಾತ್ರ" ಅಂತ ಬಿಳಿ ಬಣ್ಣದಲ್ಲಿ ಬರೆದಿದ್ದೇನೆ. ಚಾಕೊಲೇಟ್ ಗೆಳೆಯನ ಹೊಸ ಬೈಕಿಗೂ ಅಂಗಡಿಯವನು ಅಂಥದೇ ಸಾಕೆಟ್ ಕೂರಿಸಿ ಕಳಿಸಿದ್ದಾನಂತೆ. ಭಾನುವಾರ ಬಾ ಅಂದಿದ್ದೇನೆ. ವೈರು ನನ್ನದು, ಕಾಫಿ ಖರ್ಚು ಅವನದು.