ಸ್ಟಿಕರ್ ಸಾಕು, ಊಟಕ್ಕೆ ಕರೀರಿ

ಯುಗಾದಿ ಬೆಳಿಗ್ಗೆ ಕ್ಲಾಸ್ ಗ್ರೂಪಲ್ಲಿ ಬೇವು-ಬೆಲ್ಲದ ಸ್ಟಿಕರ್‌ಗಳ ಸುರಿಮಳೆ. ಅದೇ ಹೊತ್ತಿಗೆ ವಿಜಯನಗರದ ಎಷ್ಟೋ ಪಿಜಿಗಳಲ್ಲಿ ಅಡುಗೆಯವರು ಊರಿಗೆ ಹೋಗಿರ್ತಾರೆ. ಇಂಟರ್ನಲ್ಸ್ ಇದೆ ಅಂತ ಇಲ್ಲೇ ಉಳಿದ ರಾಯಚೂರು, ಬೀದರ್ ಕಡೆಯ ಗೆಳೆಯ ಮ್ಯಾಗಿ ತಿನ್ನುತ್ತಾ ನಮ್ಮ ಹೋಳಿಗೆ ಫೋಟೋಗೆ ಲೈಕ್ ಒತ್ತುತ್ತಾನೆ.

ಹಿಂದೆ ವಾರಾನ್ನ ಅಂತಿತ್ತು. ಓದೋಕೆ ಪಟ್ಟಣಕ್ಕೆ ಬಂದ ಬಡ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ವಾರವಿಡೀ ಉಂಡು ಓದು ಮುಗಿಸ್ತಿದ್ದ. ಅದನ್ನ ಹಾಡಿ ಹೊಗಳೋದೂ ಬೇಡ. ಬಾಗಿಲು ತೆರೀತಿದ್ದದ್ದು ಹೆಚ್ಚಾಗಿ ಸ್ವಜಾತಿಯ ಹುಡುಗರಿಗೆ. ಆ ಜಾತಿ ಲೆಕ್ಕ ಬಿಟ್ಟು, ಎಲೆ ಹಾಕೋ ಅಭ್ಯಾಸವನ್ನಷ್ಟೇ ನಾವು ಇಟ್ಕೋಬಹುದಲ್ವಾ?

ರಾಜಾಜಿನಗರ, ಬಸವೇಶ್ವರನಗರ, ಕೆಂಗೇರಿ ಕಡೆ ಮನೆ ಇರೋರು ಹಬ್ಬಕ್ಕೆ ಒಬ್ಬೊಬ್ಬರನ್ನ ಕರೆದರೂ ಸಾಕು. ಬಾಡೂಟ ಮಾಡೋ ಮನೆಯವರು ಮಾರನೇ ದಿನ ಹೊಸತೊಡಕಿಗೆ ಕರೀರಿ (ಅವತ್ತು ಬರೋರು ಜಾಸ್ತಿ, ಹುಷಾರು!). ಆದರೆ ಗ್ರೂಪಲ್ಲಿ ‘ಯಾರು ಬೇಕಾದ್ರೂ ಬನ್ನಿ’ ಅಂತ ಹಾಕ್ಬೇಡಿ, ಯಾರೂ ಬರಲ್ಲ. ಹೆಸರು ಹಿಡಿದು ಕರೀರಿ, ಮನೇಲಿ ಹಿಂದಿನ ದಿನವೇ ಹೇಳಿ. ಬಂದವರು ಥ್ಯಾಂಕ್ಸ್ ಮೆಸೇಜ್ ಹಾಕೋದೇನೂ ಬೇಡ. ಅಡುಗೆ ಮಾಡಿದವರ ಹತ್ರ ಇನ್ನೊಂದು ಹೋಳಿಗೆ ಕೇಳಿ ಹಾಕಿಸ್ಕೊಳ್ಳಲಿ.